ಹಟ್ಟಿ-ಮಸ್ಕಿ ಶಿಲಾಪಟ್ಟಿ ಮತ್ತು ಭೂಕಂಪಗಳು

ಕೃಷ್ಣಾ-ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬು ಪ್ರದೇಶವು ಭೂಕಂಪದ ಭಯವಿಲ್ಲದ ಸೀಮೆ ಎಂಬ ಭಾವನೆ ಬಹುಕಾಲದಿಂದ ಜನರಲ್ಲಿ ನೆಲೆಯೂರಿದೆ. ಬರಗಾಲದ ನೆನಪು ಇಲ್ಲಿಯ ಹಿರಿಯರಿಗೆ ಉಂಟು, ಹೊಳೆ ಉಕ್ಕಿ ಬಂದ ನೆನಪೂ ಉಂಟು. ನೆಲ ನಡುಗಿ ಊರು ಬಿದ್ದ ನೆನಪು ಇಲ್ಲ. ಶಾಲೆಯ ಭೂಗೋಳ ಪಾಠದಲ್ಲಿಯೂ ಭೂಕಂಪವೆಂದರೆ ಜಪಾನು, ಅಸ್ಸಾಮು, ಬಿಹಾರ ಎಂಬ ಹೆಸರುಗಳೇ ಬರುತ್ತವೆ. ವಿದ್ಯಾರ್ಥಿಯು ಅದನ್ನು ಪರೀಕ್ಷೆಗೆ ಬೇಕಾದಷ್ಟು ಓದಿ, ದೂರದ ಊರಿನ ವಾರ್ತೆಯಂತೆ ಬದಿಗಿಡುವುದು ಸಹಜವೇ ಆಗಿದೆ.

ಈ ಭಾವನೆ ಪೂರ್ಣ ಸುಳ್ಳಲ್ಲ. ಆದರೆ ಪೂರ್ಣ ಸತ್ಯವೂ ಅಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಕಲ್ಲುಗಳನ್ನು ಪರೀಕ್ಷಿಸಿದ ಭೂವಿಜ್ಞಾನಿಗಳಲ್ಲಿ ಹಲವರು, ಈ ನೆಲ ಹುಟ್ಟಿದ್ದೇ ಇಂದಿನ ಜಪಾನು, ಅಂಡಮಾನುಗಳಂತೆ ಪದೇಪದೇ ಕಂಪಿಸುತ್ತಿದ್ದ ಕಡಲಂಚಿನಲ್ಲಿ ಎಂದು ಅಭಿಪ್ರಾಯಪಟ್ಟಿದ್ದಾರೆ. ಆ ಕಾಲ ಕಳೆದು ಇನ್ನೂರೈವತ್ತು ಕೋಟಿ ವರ್ಷಗಳಾದವು. ಇಂದಿನ ಶಾಂತಿ ಆ ನಂತರ ಬಂದದ್ದು. ಅದು ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬ ಪ್ರಶ್ನೆಗೆ ಉತ್ತರವನ್ನು ಈ ಸೀಮೆಯ ಗುಡ್ಡಗಳಲ್ಲಿಯೂ, ಲಿಂಗಸುಗೂರಿನಿಂದ ನೇರ ಉತ್ತರಕ್ಕೆ ಇನ್ನೂರು ಕಿಲೋಮೀಟರಿಗಿಂತ ತುಸು ದೂರದಲ್ಲಿರುವ ಕಿಲ್ಲಾರಿ ಎಂಬ ಗ್ರಾಮದಲ್ಲಿಯೂ ಹುಡುಕಬೇಕಾಗುತ್ತದೆ.

ಮೊದಲು ಭೂಮಿಯ ರಚನೆಯನ್ನು ಸ್ವಲ್ಪ ತಿಳಿಯುವುದು ಅವಶ್ಯ. ಖಂಡಗಳು ಒಂದೇ ಕಡೆ ನಿಂತಿಲ್ಲ, ಅವು ಚಲಿಸುತ್ತವೆ ಎಂಬ ವಾದವನ್ನು ಜರ್ಮನಿಯ ಆಲ್‌ಫ್ರೆಡ್ ವೆಗೆನರ್ ಎಂಬ ವಿಜ್ಞಾನಿ 1912ರಲ್ಲಿ ಮುಂದಿಟ್ಟನು. ಅವನ ಪ್ರಸಿದ್ಧ ಗ್ರಂಥ ಹೊರಬಂದದ್ದು 1915ರಲ್ಲಿ. ಅದೇ 1915ರಲ್ಲಿಯೇ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು ಕಂಡುಹಿಡಿದನೆಂಬುದು ಕೇವಲ ಕಾಕತಾಳೀಯ. ಆದರೂ ಒಂದು ಸಾಮ್ಯವನ್ನು ಹೇಳದೆ ಇರಲಾಗದು. ಅಶೋಕನ ಹೆಸರನ್ನು ಸ್ಪಷ್ಟವಾಗಿ ನಮೂದಿಸಿದ್ದ ಮಸ್ಕಿ ಶಾಸನವನ್ನು ವಿದ್ವಾಂಸರು ಕೂಡಲೆ ಆದರಿಸಿದರು; ವೆಗೆನರನ ವಾದವನ್ನು ಮಾತ್ರ ಅರ್ಧ ಶತಮಾನದವರೆಗೆ ಹೆಚ್ಚಿನವರು ಲೆಕ್ಕಕ್ಕೆ ಹಿಡಿಯಲಿಲ್ಲ. ಖಂಡಗಳನ್ನು ಚಲಿಸುವ ಶಕ್ತಿ ಯಾವುದೆಂದು ಅವನಿಂದ ಹೇಳಲಾಗಲಿಲ್ಲ ಎಂಬುದೇ ಅದಕ್ಕೆ ಕಾರಣ. 1960ರ ದಶಕದಲ್ಲಿ ಸಾಗರತಳದ ಶೋಧನೆಯಿಂದ ಉತ್ತರ ದೊರೆಯಿತು. ಸಾಗರಗಳ ನಡುವೆ ಸಾವಿರಾರು ಕಿಲೋಮೀಟರು ಉದ್ದದ ಬೆಟ್ಟಸಾಲುಗಳಿವೆ. ಅಲ್ಲಿ ನೆಲ ಸೀಳಿ, ಕೆಳಗಿನ ಶಿಲಾರಸ ಮೇಲೆ ಬಂದು ಗಟ್ಟಿಯಾಗಿ, ಹೊಸ ಸಾಗರತಳ ಹುಟ್ಟುತ್ತಲೇ ಇರುತ್ತದೆ ಎಂದು ತಿಳಿದುಬಂದಿತು. ಆ ದಶಕ ಮುಗಿಯುವುದರೊಳಗೆ ಫಲಕ ಸಿದ್ಧಾಂತವು ರೂಪುಗೊಂಡಿತು.

ಈ ಸಿದ್ಧಾಂತದ ಪ್ರಕಾರ ಭೂಮಿಯ ಹೊರಕವಚವು ಒಡೆದ ಮಡಕೆಯ ಚಿಪ್ಪುಗಳಂತೆ ಕೆಲವು ದೊಡ್ಡ ಮತ್ತು ಹಲವು ಚಿಕ್ಕ ಫಲಕಗಳಾಗಿ ವಿಭಾಗಗೊಂಡಿದೆ. ಒಂದೊಂದು ಫಲಕವೂ ಸುಮಾರು ನೂರು ಕಿಲೋಮೀಟರು ದಪ್ಪ. ಕೆಲವು ಪ್ರಾಚೀನ ಖಂಡಭಾಗಗಳಲ್ಲಿ ಇನ್ನೂ ಹೆಚ್ಚು. ಭಾರತವನ್ನು ಹೊತ್ತ ಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯ ದಿಕ್ಕಿನತ್ತ ಸರಿಯುತ್ತಿದೆ. ಕೈಬೆರಳಿನ ಉಗುರು ಬೆಳೆಯುವ ವೇಗಕ್ಕಿಂತ ಇದು ಬಹಳ ಹೆಚ್ಚೇನೂ ಅಲ್ಲ. ಒಬ್ಬ ಮನುಷ್ಯನ ಅರವತ್ತು ವರ್ಷದ ಆಯುಷ್ಯದಲ್ಲಿ ಸಿಂಧನೂರು ಪಟ್ಟಣವು ಮೂರು ಮೀಟರು ದೂರ ಸರಿದಿರುತ್ತದೆ. ಗಂಗಾವತಿಯೂ ರಾಯಚೂರೂ ಅದರೊಡನೆಯೇ ಸರಿಯುವುದರಿಂದ ಯಾರಿಗೂ ತಿಳಿಯುವುದಿಲ್ಲ.

ಒಂದು ಕಡೆ ಹೊಸ ನೆಲ ಹುಟ್ಟುತ್ತಿದ್ದರೆ ಇನ್ನೊಂದು ಕಡೆ ಹಳೆಯ ನೆಲ ಅಳಿಯಲೇಬೇಕು; ಇಲ್ಲವಾದರೆ ಭೂಮಿಯು ಉಬ್ಬುತ್ತ ಹೋಗಬೇಕಾದೀತು. ಹಾಗೆ ಅಳಿಯುವ ಸ್ಥಾನವೇ ನಿಮಜ್ಜನ ವಲಯ, ಅಂದರೆ ಒಂದು ಫಲಕವು ಇನ್ನೊಂದರ ಅಡಿಯಲ್ಲಿ ಮುಳುಗುವ ಜಾಗ. ಹಳೆಯದಾದ ಸಾಗರತಳವು ತಣ್ಣಗಾಗಿ ತೂಕವೇರಿ, ಎದುರಿನ ಫಲಕದ ಕೆಳಗೆ ಓರೆಯಾಗಿ ಇಳಿಯುತ್ತದೆ. ಇಳಿಯುವ ಜಾಗದಲ್ಲಿ ಸಮುದ್ರದೊಳಗೆ ಆಳವಾದ ಕಂದಕವೊಂದು ಏರ್ಪಡುತ್ತದೆ. ಇಳಿಯುವುದು ಸರಾಗವಾಗಿ ನಡೆದಿದ್ದರೆ ಜಗತ್ತಿನ ಬಹುಪಾಲು ದೊಡ್ಡ ಭೂಕಂಪಗಳು ಸಂಭವಿಸುತ್ತಲೇ ಇರಲಿಲ್ಲ. ಎರಡು ಫಲಕಗಳ ಒರಟು ಮೈಗಳು ಒಂದನ್ನೊಂದು ಹಿಡಿದು ನಿಲ್ಲುತ್ತವೆ. ಕೆಳಗಿನದು ಮಾತ್ರ ಎಳೆಯುವುದನ್ನು ನಿಲ್ಲಿಸುವುದಿಲ್ಲ. ಮೇಲಿನ ಫಲಕದ ಅಂಚು ನೂರಾರು ವರ್ಷ ಬಿಲ್ಲಿನಂತೆ ಬಾಗುತ್ತ ಹೋಗಿ, ಒಂದು ದಿನ ಹಿಡಿತ ತಪ್ಪಿ, ಕೆಲವೇ ನಿಮಿಷಗಳಲ್ಲಿ ಹಿಂದಕ್ಕೆ ಚಿಮ್ಮುತ್ತದೆ. ಶತಮಾನಗಳ ಸಂಚಿತ ಶಕ್ತಿ ಆ ಕೆಲವು ನಿಮಿಷಗಳಲ್ಲಿ ವ್ಯಯವಾಗುತ್ತದೆ.

2004ರ ಡಿಸೆಂಬರ್ 26ರ ಬೆಳಿಗ್ಗೆ ಭಾರತೀಯ ಕಾಲಮಾನ 6 ಗಂಟೆ 29 ನಿಮಿಷಕ್ಕೆ ಸುಮಾತ್ರಾ ದ್ವೀಪದ ಬಳಿ ನಡೆದದ್ದು ಇದೇ. ಅಲ್ಲಿಂದ ಅಂಡಮಾನದವರೆಗೆ ಸುಮಾರು 1,300 ಕಿಲೋಮೀಟರು ಉದ್ದದ ಬಿರುಕು ಹರಿಯಿತು. ಅದರ ಪ್ರಮಾಣ 9.1. ಸಾಗರತಳವು ಒಮ್ಮೆಲೇ ಮೇಲೆದ್ದುದರಿಂದ ಎದ್ದ ಸುನಾಮಿ ಅಲೆಗಳು ಸುಮಾರು ಎರಡು ತಾಸಿನಲ್ಲಿ ತಮಿಳುನಾಡಿನ ದಡವನ್ನು ತಲುಪಿದವು. ಹಿಂದೂ ಮಹಾಸಾಗರದ ಸುತ್ತಣ ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಜನ ಮಡಿದರು. ಭಾರತದಲ್ಲಿ ಮೃತರ ಸಂಖ್ಯೆ ಹತ್ತು ಸಾವಿರವನ್ನು ಮೀರಿತು. ಅಲ್ಲಿ ಮುಳುಗುತ್ತಿರುವುದು ಬೇರೆ ಯಾವುದೋ ಫಲಕವಲ್ಲ, ಭಾರತವನ್ನು ಹೊತ್ತ ಫಲಕವೇ. ಅದರ ಪೂರ್ವದ ಅಂಚು ಅಂಡಮಾನದಡಿ ಇಳಿಯುತ್ತಿದೆ. ಉತ್ತರದ ಅಂಚು ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾ ಖಂಡಕ್ಕೆ ಡಿಕ್ಕಿ ಹೊಡೆದು ಹಿಮಾಲಯವನ್ನೆತ್ತಿದೆ.

ನಿಮಜ್ಜನದ ಇನ್ನೊಂದು ಫಲವೆಂದರೆ ಜ್ವಾಲಾಮುಖಿ. ಮುಳುಗುವ ಫಲಕವು ತನ್ನ ಕಲ್ಲುಗಳಲ್ಲಿ ಅಡಗಿದ ಸಮುದ್ರದ ನೀರನ್ನೂ ಜೊತೆಯಲ್ಲಿ ಒಯ್ಯುತ್ತದೆ. ಸುಮಾರು ನೂರು ಕಿಲೋಮೀಟರು ಆಳದಲ್ಲಿ ಶಾಖ ಮತ್ತು ಒತ್ತಡದಿಂದ ಆ ನೀರು ಹೊರಬಿದ್ದು ಮೇಲಿನ ಶಿಲೆಗೆ ಸೇರುತ್ತದೆ. ನೀರು ಸೇರಿದ ಶಿಲೆ ಕಡಿಮೆ ಶಾಖಕ್ಕೇ ಕರಗುತ್ತದೆ. ಹಾಗೆ ಕರಗಿದ ರಸ ಮೇಲೆದ್ದು ಜ್ವಾಲಾಮುಖಿಗಳ ಸಾಲನ್ನು ಕಟ್ಟುತ್ತದೆ. ಜಪಾನು, ಇಂಡೋನೇಷ್ಯಾಗಳ ದ್ವೀಪಮಾಲೆಗಳು ಇಂಥವು. ಅಂಡಮಾನದ ಬ್ಯಾರನ್ ದ್ವೀಪವೂ ಅದೇ ಬಗೆಯದು. ಭಾರತದ ಏಕೈಕ ಜೀವಂತ ಜ್ವಾಲಾಮುಖಿ ಅದು. ಮುಂದೆ ಹಟ್ಟಿಯ ವಿಷಯ ಬಂದಾಗ ಈ ನೀರಿನ ಮಾತನ್ನು ಓದುಗರು ನೆನಪಿಟ್ಟುಕೊಂಡಿರಬೇಕು.

ಈಗ ಮಸ್ಕಿಯ ಕಡೆ ಹೊರಳಬಹುದು. ಮಸ್ಕಿಯಿಂದ ಮುದಗಲ್ಲಿನವರೆಗೆ ಸಂಚರಿಸಿದವರಿಗೆ ಈ ಸೀಮೆಯ ಎರಡು ಬಗೆಯ ಕಲ್ಲುಗಳು ಕಣ್ಣಿಗೆ ಬಿದ್ದೇ ಇರುತ್ತವೆ. ಒಂದು, ಗುಂಡುಗುಂಡಾಗಿ ಒಂದರ ಮೇಲೊಂದು ಕುಳಿತ ಬೂದು ಮತ್ತು ನಸುಗೆಂಪಿನ ಬಂಡೆ. ಮಸ್ಕಿಯ ಶಾಸನವಿರುವುದೂ, ಮುದಗಲ್ಲಿನ ಕೋಟೆ ನಿಂತಿರುವುದೂ ಇದರ ಮೇಲೆಯೇ. ಇದು ಗ್ರಾನೈಟು ಮತ್ತು ನೈಸು ಜಾತಿಯ ಶಿಲೆ. ಇನ್ನೊಂದು, ಹಟ್ಟಿಯ ಸುತ್ತಮುತ್ತ ಕಾಣುವ ಕಪ್ಪು-ಹಸಿರು ಬಣ್ಣದ, ಪದರು ಪದರಾದ, ಭಾರವಾದ ಕಲ್ಲು. ಇದು ಹಟ್ಟಿಯಿಂದ ಮಸ್ಕಿಯತ್ತ ಕೊಕ್ಕೆಯಂತೆ ಬಾಗಿ ಹಬ್ಬಿದೆ. ಭೂವಿಜ್ಞಾನಿಗಳು ಇದನ್ನು ಹಟ್ಟಿ-ಮಸ್ಕಿ ಶಿಲಾಪಟ್ಟಿಯೆಂದು ಕರೆಯುತ್ತಾರೆ. ದಕ್ಷಿಣ ಭಾರತದ ಇಂಥ ಪಟ್ಟಿಗಳನ್ನೆಲ್ಲ ಒಂದು ವರ್ಗಕ್ಕೆ ಸೇರಿಸಿ, ಅದಕ್ಕೆ ಧಾರವಾಡದ ಹೆಸರಿಟ್ಟವನು ರಾಬರ್ಟ್ ಬ್ರೂಸ್ ಫೂಟ್. 1880ರ ದಶಕದ ಮಾತು ಅದು. ಚಿನ್ನ ಸಿಗುವುದು ಈ ಕಪ್ಪು ಕಲ್ಲಿನಲ್ಲಿಯೇ ಎಂಬುದನ್ನು ಒತ್ತಿ ಹೇಳಿದವನೂ ಅವನೇ. (ಇಲ್ಲಿ ಸಾಮಾನ್ಯವಾದ ತಪ್ಪು ತಿಳಿವಳಿಕೆಯೊಂದನ್ನು ನಿವಾರಿಸಬೇಕು. ಸಿಂಧನೂರಿನ ಎರೆಮಣ್ಣನ್ನು ನೋಡಿ, ಇದು ವಿಜಾಪುರದ ಕಡೆಯ ಲಾವಾರಸದ ನೆಲವೇ ಎಂದು ಭಾವಿಸುವವರಿದ್ದಾರೆ. ವಿಜಾಪುರ, ಕಲಬುರಗಿಗಳ ಕರಿಕಲ್ಲಿನ ಪದರಗಳು ಕೇವಲ ಆರೂವರೆ ಕೋಟಿ ವರ್ಷಗಳಷ್ಟು ಹಳೆಯವು. ಸಿಂಧನೂರಿನ ಎರೆಯ ಅಡಿಯಲ್ಲಿ ಇರುವುದು ಅದಕ್ಕಿಂತ ಎಷ್ಟೋ ಪಾಲು ಹಳೆಯ ನೈಸು.)

ಹಟ್ಟಿ-ಮಸ್ಕಿಯ ಕಪ್ಪು ಕಲ್ಲೂ ಒಂದು ಕಾಲಕ್ಕೆ ಲಾವಾರಸವೇ ಆಗಿತ್ತು. ಆದರೆ ನೆಲದ ಮೇಲೆ ಹರಿದದ್ದಲ್ಲ, ನೀರಿನೊಳಗೆ ಉಕ್ಕಿದ್ದು. ಇದಕ್ಕೆ ಸಾಕ್ಷಿ ಆ ಕಲ್ಲಿನಲ್ಲಿಯೇ ಇದೆ. ಕಾದ ರಸವು ಸಮುದ್ರದ ತಳದಲ್ಲಿ ಹೊರಬಿದ್ದಾಗ ತಣ್ಣೀರು ತಗುಲಿ, ಹೊರಮೈ ತಟ್ಟನೆ ಗಟ್ಟಿಯಾಗಿ, ದಿಂಬುಗಳನ್ನು ಒಟ್ಟಿದಂಥ ಆಕಾರ ತಾಳುತ್ತದೆ. ಇಂಥ ದಿಂಬುಲಾವಾ ಈ ಪಟ್ಟಿಯಲ್ಲಿ ಹಲವೆಡೆ ಉಳಿದಿದೆ. ಈಗ ಕುಡಿಯುವ ನೀರಿಗೂ ಬೇಸಗೆಯಲ್ಲಿ ಪರದಾಡುವ ಊರುಗಳ ನೆಲವು ಒಮ್ಮೆ ಕಡಲಿನ ತಳವಾಗಿತ್ತು! ಈ ಲಾವಾದ ಜೊತೆಗೆ, ತಿಳಿಬಣ್ಣದ ಬೇರೊಂದು ಜಾತಿಯ ಜ್ವಾಲಾಮುಖಿ ಶಿಲೆಯೂ ಇಲ್ಲಿ ದೊರೆಯುತ್ತದೆ. ಅದರೊಳಗಿನ ಜಿರ್ಕಾನ್ ಎಂಬ ಸೂಕ್ಷ್ಮ ಹರಳುಗಳಲ್ಲಿ ಯುರೇನಿಯಮ್ಮು ಸೀಸವಾಗಿ ಮಾರ್ಪಡುವ ಲೆಕ್ಕವನ್ನು ಹಿಡಿದು ಅಳೆದಾಗ ಸುಮಾರು 258 ಕೋಟಿ ವರ್ಷಗಳ ವಯಸ್ಸು ಬಂದಿದೆ. ಪಟ್ಟಿಯ ಪೂರ್ವಕ್ಕಿರುವ ಕವಿತಾಳದ ಗ್ರಾನೈಟು ಸುಮಾರು 254 ಕೋಟಿ ವರ್ಷಗಳದು. ರಾಮನಗರದಿಂದ ಉತ್ತರಕ್ಕೆ ನೂರಾರು ಕಿಲೋಮೀಟರು ಚಾಚಿರುವ ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸು 251 ಕೋಟಿ. ಅಂದರೆ, ಭೂಮಿಯ 454 ಕೋಟಿ ವರ್ಷಗಳ ಚರಿತ್ರೆಯಲ್ಲಿ ಅಲ್ಪವೇ ಎನ್ನಬಹುದಾದ ಅವಧಿಯೊಳಗೆ ಈ ಸೀಮೆಯ ನೆಲವೆಲ್ಲ ಕಟ್ಟಿ ಮುಗಿಯಿತು.

ಈ ಲಾವಾಗಳ ರಾಸಾಯನಿಕ ಸ್ವರೂಪವು ಇಂದಿನ ದ್ವೀಪಮಾಲೆಗಳ ಲಾವಾವನ್ನು ಹೋಲುತ್ತದೆ. ಆದುದರಿಂದ ಇಲ್ಲಿ ಸಾಗರತಳವೊಂದು ಮುಳುಗುತ್ತಿತ್ತು, ಅದರ ಮೇಲೆ ಜ್ವಾಲಾಮುಖಿ ದ್ವೀಪಗಳು ಎದ್ದವು, ಕಡೆಗೆ ಆ ದ್ವೀಪಗಳೆಲ್ಲ ಪಶ್ಚಿಮದ ಇನ್ನೂ ಹಳೆಯ ಭೂಖಂಡಕ್ಕೆ ಒತ್ತರಿಸಿ ಅಂಟಿಕೊಂಡವು ಎಂದು ಒಂದು ಪಕ್ಷದ ವಿದ್ವಾಂಸರು ವಿವರಿಸುತ್ತಾರೆ. ಇನ್ನೊಂದು ಪಕ್ಷದವರು ಇದನ್ನೊಪ್ಪದೆ, ಭೂಗರ್ಭದ ಆಳದಿಂದ ಕಂಬದಂತೆ ಎದ್ದುಬಂದ ಶಾಖಪ್ರವಾಹವೇ ಈ ಶಿಲೆಗಳಿಗೆ ಕಾರಣವೆನ್ನುತ್ತಾರೆ. ಆ ಕಾಲದ ಭೂಮಿ ಇಂದಿಗಿಂತ ಹೆಚ್ಚು ಬಿಸಿಯಾಗಿತ್ತು. ಫಲಕಗಳು ಇಂದಿನಂತೆಯೇ ವರ್ತಿಸುತ್ತಿದ್ದವೆಂದು ಪ್ರಮಾಣ ಮಾಡಿ ಹೇಳುವುದು ಸುಲಭವಲ್ಲ. ವಾದ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಶಿಲಾಪಟ್ಟಿಯು ಪಕ್ಕದಿಂದ ಬಲವಾಗಿ ಒತ್ತಲ್ಪಟ್ಟು, ಮಡಿಚಿ, ಸೀಳಿದೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಹಾಗೆ ಸೀಳಿದ ಜಾಗಗಳಲ್ಲಿಯೇ ಹಟ್ಟಿಯ ಚಿನ್ನವಿದೆ.

ಚಿನ್ನವು ಅಲ್ಲಿಗೆ ಬಂದ ಬಗೆ ಭೂಕಂಪದೊಡನೆಯೇ ಹೊಂದಿಕೊಂಡಿದೆ. ನೆಲದಾಳದಲ್ಲಿ ಸುಮಾರು ಹತ್ತು ಕಿಲೋಮೀಟರು ಕೆಳಗೆ, ಒತ್ತಡಕ್ಕೆ ಸಿಕ್ಕಿದ ಕಲ್ಲುಗಳಿಂದ ಬಿಸಿನೀರು ಹೊರಬಿದ್ದು, ದಾರಿ ಕಾಣದೆ, ಸೀಳಿನ ಬುಡದಲ್ಲಿ ಸಂಗ್ರಹವಾಗುತ್ತಿತ್ತು. ಅದರಲ್ಲಿ ಸಿಲಿಕಾ, ಗಂಧಕಗಳ ಜೊತೆಗೆ ಅತ್ಯಲ್ಪ ಪ್ರಮಾಣದ ಚಿನ್ನವೂ ಕರಗಿತ್ತು. ನೀರಿನ ಒತ್ತಡ ಮಿತಿಮೀರಿದಾಗ ಸೀಳು ಜಾರಿ ಭೂಕಂಪವಾಗುತ್ತಿತ್ತು. ಕಲ್ಲು ಬಿರಿದು ಒತ್ತಡ ಥಟ್ಟನೆ ಇಳಿಯುತ್ತಿತ್ತು. ಒತ್ತಡ ಇಳಿದ ನೀರು ತನ್ನಲ್ಲಿ ಕರಗಿದ್ದುದನ್ನು ಹಿಡಿದಿಟ್ಟುಕೊಳ್ಳಲಾರದು. ಬೆಣಚು ಮತ್ತು ಚಿನ್ನ ಬಿರುಕಿನಲ್ಲಿ ಕೂಡುತ್ತಿದ್ದವು. ಬಿರುಕು ಮುಚ್ಚಿದೊಡನೆ ಮತ್ತೆ ಒತ್ತಡ, ಮತ್ತೆ ಕಂಪನ. ಸಾವಿರಾರು ಸಲ ಈ ಕ್ರಿಯೆ ನಡೆದು, ಬೆಣಚಿನ ಎಳೆಗಳು ಪದರುಪದರಾಗಿ ಬೆಳೆದವು. ಹಟ್ಟಿಯಲ್ಲಿ ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಸಮಾಂತರವಾಗಿ ಸಾಗುವ ಓಕ್ಲೀಸ್ ರೀಫ್, ವಿಲೇಜ್ ರೀಫ್ ಮೊದಲಾದ ಅದಿರಿನ ಎಳೆಗಳು ಇಂಥ ಸೀಳುಗಳೇ ಆಗಿವೆ. ಟನ್ನು ಕಲ್ಲಿಗೆ ಕೆಲವೇ ಗ್ರಾಂ ಚಿನ್ನ. ಆ ಕೆಲವು ಗ್ರಾಂ ಸೇರಿಸಲು ನೆಲ ಎಷ್ಟು ಸಲ ನಡುಗಿತೋ ಎಣಿಸಿದವರಾರು?

ಈ ಎಳೆಗಳನ್ನು ಬೆನ್ನಟ್ಟಿ ಇಳಿದ ಪ್ರಾಚೀನರ ಸಾಹಸವನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗುವುದು ಉಚಿತವಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ, ಸಿಡಿಮದ್ದಿಲ್ಲದೆ, ಕಲ್ಲಿಗೆ ಬೆಂಕಿ ಹಚ್ಚಿ ಕಾಯಿಸಿ ನೀರೆರಚಿ ಒಡೆಯುತ್ತ, ಅವರು 640 ಅಡಿಗಳಷ್ಟು ಆಳಕ್ಕೆ ಇಳಿದಿದ್ದರು. ಆಧುನಿಕ ಗಣಿಗಾರರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದು ನೋಡಿದಾಗ ಕಂಡದ್ದು ಆ ಹಳೆಯ ಗುಂಡಿಗಳನ್ನೇ. ನಿಜಾಮರ ಕಾಲದ ಗಣಿಗಾರಿಕೆ 1920ರ ಹೊತ್ತಿಗೆ ನಿಂತು, 1947ರಲ್ಲಿ ಹೊಸ ಕಂಪನಿಯು ಸ್ಥಾಪನೆಯಾಯಿತು. ಅದೇ ಮುಂದೆ ಹಟ್ಟಿ ಚಿನ್ನದ ಗಣಿ ಕಂಪನಿ ಎಂದು ಹೆಸರು ಪಡೆಯಿತು.

ಅಂಥ ಪ್ರಕ್ಷುಬ್ಧ ನೆಲ ಈಗ ಏಕೆ ಶಾಂತವಾಗಿದೆ? ದ್ವೀಪಗಳು ಅಂಟಿಕೊಂಡು, ಗ್ರಾನೈಟು ಅವುಗಳನ್ನು ಬೆಸೆದ ಮೇಲೆ, ಈ ಭಾಗವು ಫಲಕದ ಅಂಚಾಗಿ ಉಳಿಯಲಿಲ್ಲ, ನಡುಭಾಗವಾಯಿತು. ಇಂದು ಅತ್ಯಂತ ಸಮೀಪದ ಫಲಕದಂಚುಗಳಾದ ಹಿಮಾಲಯವೂ ಅಂಡಮಾನವೂ ಇಲ್ಲಿಂದ ಸಾವಿರ ಕಿಲೋಮೀಟರಿಗೂ ಬಹಳ ಆಚೆ ಇವೆ. ದಪ್ಪನಾದ, ತಣ್ಣಗಿನ, ಗಟ್ಟಿಯಾದ ಹಳೆಯ ನೆಲ ಸುಲಭವಾಗಿ ಬಿರಿಯುವುದಿಲ್ಲ. ದೇಶದ ಭೂಕಂಪ ವಲಯಗಳನ್ನು ತೋರಿಸುವ 2002ರ ನಕ್ಷೆಯಲ್ಲಿ ರಾಯಚೂರು ಜಿಲ್ಲೆಯು ಎರಡನೆಯ ವಲಯದಲ್ಲಿತ್ತು. ಅದೇ ಅತಿ ಕಡಿಮೆ ಅಪಾಯದ ವಲಯ.

ಆದರೆ ಅದಕ್ಕೂ ಹಿಂದಿನ ನಕ್ಷೆಯಲ್ಲಿ ಇನ್ನೂ ಕಡಿಮೆ ಅಪಾಯದ ಒಂದನೆಯ ವಲಯವೆಂಬುದೊಂದಿತ್ತು. ಅದು ಈಗಿಲ್ಲ. ಅದನ್ನು ಅಳಿಸಿಹಾಕಿದ್ದು ಕಿಲ್ಲಾರಿ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ, ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಲಾತೂರು, ಉಸ್ಮಾನಾಬಾದು ಜಿಲ್ಲೆಗಳ ಹಳ್ಳಿಗಳ ಮೇಲೆ ಅವರವರ ಮನೆಗಳೇ ಕುಸಿದವು. ಕಿಲ್ಲಾರಿಯು ಆಗಿನ ನಕ್ಷೆಯ ಒಂದನೆಯ ವಲಯದಲ್ಲಿತ್ತು. ಅಲ್ಲಿ ನೆಲದ ಮೇಲೆ ಕಾಣುವುದು ಕರಿಕಲ್ಲು. ನಂತರ ಕೊಳವೆ ಕೊರೆದು ನೋಡಿದಾಗ ಸುಮಾರು 340 ಮೀಟರು ಕೆಳಗೆ ಕರಿಕಲ್ಲು ಮುಗಿದು ಪುರಾತನ ಶಿಲೆ ದೊರೆಯಿತು. ದೋಆಬಿನಲ್ಲಿ ಬಯಲಿಗೆ ಬಿದ್ದಿರುವ ಹಳೆಯ ನೆಲವೇ ಅಲ್ಲಿ ಲಾವಾದ ಕಂಬಳಿ ಹೊದ್ದು ಮಲಗಿದೆ. ಫಲಕದ ಉತ್ತರದ ಅಂಚಿನಲ್ಲಿ ಹಿಮಾಲಯವು ಒಡ್ಡುವ ತಡೆ ಇಡೀ ಫಲಕವನ್ನು ಬಿಗಿಹಿಡಿದಿದೆ. ಒಳನಾಡಿನಲ್ಲಿ ಎಲ್ಲಿ ಹಳೆಯ ಸೀಳುಗಳಿವೆಯೋ ಅಲ್ಲಿ ಈ ಬಿಗಿತ ಅಪರೂಪಕ್ಕೊಮ್ಮೆ ಸಡಿಲುತ್ತದೆ. 1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ ಅಣೆಕಟ್ಟಿನ ನೀರಿನ ಭಾರವೂ ಇದಕ್ಕೆ ಸೇರಿ ಭೂಕಂಪವಾಯಿತೆಂದು ವಿಜ್ಞಾನಿಗಳು ನಿರ್ಧರಿಸಿದ್ದಾರೆ. ನೆರೆಯ ಬಳ್ಳಾರಿಯಲ್ಲಿ 1843ರ ಏಪ್ರಿಲ್ 1ರಂದು ಆದ ಭೂಕಂಪವು ಹಳೆಯ ಪಟ್ಟಿಗಳಲ್ಲಿ ದಾಖಲಾಗಿದೆ.

ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡುವುದು ಉಪಯುಕ್ತ. ಶಿಕ್ಷಕರು ಇದನ್ನು ತರಗತಿಯಲ್ಲಿಯೂ ಮಾಡಿಸಬಹುದು. ಭೂಕಂಪದ ಪ್ರಮಾಣದಲ್ಲಿ ಒಂದು ಅಂಕ ಹೆಚ್ಚಾದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಎರಡು ಅಂಕಕ್ಕೆ ಸಾವಿರ ಪಟ್ಟು. ಕಿಲ್ಲಾರಿಯ ಪ್ರಮಾಣ 6.2, ಸುಮಾತ್ರಾದ್ದು 9.1. ಅಂತರ 2.9. ಅಂದರೆ ಸುಮಾತ್ರಾದ ಕಂಪನವು ಕಿಲ್ಲಾರಿಯದಕ್ಕಿಂತ ಇಪ್ಪತ್ತು ಸಾವಿರ ಪಟ್ಟಿಗೂ ಹೆಚ್ಚು ಬಲವುಳ್ಳದ್ದು. ಆದರೂ ಕಿಲ್ಲಾರಿಯ ಸುತ್ತಣ ಕೆಲವೇ ಹಳ್ಳಿಗಳಲ್ಲಿ ಸತ್ತವರು ಸುಮಾರು 8,000. ಕಂಪನವು ಕೆಲವೇ ಕಿಲೋಮೀಟರು ಆಳದಲ್ಲಿ, ಊರುಗಳ ಕಾಲಡಿಯಲ್ಲಿಯೇ ಹುಟ್ಟಿದ್ದು ಒಂದು ಕಾರಣ. ಜನ ಮಲಗಿದ್ದ ಹೊತ್ತು ಇನ್ನೊಂದು. ಎಲ್ಲಕ್ಕಿಂತ ದೊಡ್ಡ ಕಾರಣ ಮನೆಗಳು.

ಆ ಮನೆಗಳ ರೀತಿಯನ್ನು ಕೇಳಿದರೆ ಸಿಂಧನೂರು, ಲಿಂಗಸುಗೂರು ಸೀಮೆಯವರು ತಮ್ಮ ಊರಿನದೇ ವರ್ಣನೆಯೆಂದು ತಿಳಿದಾರು. ಕಾಡುಕಲ್ಲನ್ನು ಮಣ್ಣಿನ ಗಾರೆಯಲ್ಲಿ ಕೂಡಿಸಿದ ಎರಡು ಮೊಳ ದಪ್ಪದ ಗೋಡೆ. ಒಳಮೈಗೆ ಒಂದು ಸಾಲು, ಹೊರಮೈಗೆ ಒಂದು ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಮೇಲೆ ಮರದ ತೊಲೆ, ಜಂತೆ, ಅದರ ಮೇಲೆ ಮೊಳದುದ್ದ ಮಣ್ಣು ಹೊತ್ತ ಮಾಳಿಗೆ. ಪ್ರತಿ ಮಳೆಗಾಲಕ್ಕೂ ಮುನ್ನ ಸೋರದಂತೆ ಇನ್ನಷ್ಟು ಮಣ್ಣು ಹಾಕುವುದು ವಾಡಿಕೆ. ತೂಕ ವರ್ಷವರ್ಷಕ್ಕೂ ಏರುತ್ತದೆ. ಬಿಸಿಲಿಗೆ ಇದಕ್ಕಿಂತ ತಂಪಾದ ಮನೆಯಿಲ್ಲ. ನೆಲ ಅಡ್ಡಲಾಗಿ ಅಲುಗಿದಾಗ ಮಾತ್ರ ಗೋಡೆಯ ಎರಡು ಸಾಲುಗಳು ಒಂದರಿಂದೊಂದು ಬೇರ್ಪಟ್ಟು ಹೊರಕ್ಕೆ ಉಬ್ಬುತ್ತವೆ; ಆಧಾರ ತಪ್ಪಿದ ಮಾಳಿಗೆ ಒಮ್ಮೆಲೇ ಇಳಿಯುತ್ತದೆ. ಮಣ್ಣಿನಡಿ ಸಿಕ್ಕವರು ಗಾಯದಿಂದಷ್ಟೇ ಅಲ್ಲ, ಉಸಿರುಗಟ್ಟಿಯೂ ಸಾಯುತ್ತಾರೆ. ಮೆತ್ತನೆಯ ಎರೆಯ ಮೇಲೆ ಅಡಿಪಾಯವಿದ್ದರೆ ಅಲುಗಾಟ ಬಂಡೆಯ ಮೇಲಿನದಕ್ಕಿಂತ ಹೆಚ್ಚಾಗಿಯೇ ಇರುತ್ತದೆ.

ಇದಕ್ಕೆ ಪರಿಹಾರ ದುಬಾರಿಯದಲ್ಲ, ಹೊಸದೂ ಅಲ್ಲ. ಗೋಡೆಯ ಪೂರ್ಣ ದಪ್ಪಕ್ಕೂ ಚಾಚಿ ಒಳ-ಹೊರ ಸಾಲುಗಳನ್ನು ಹಿಡಿದಿಡುವ ಉದ್ದನೆಯ ಕಟ್ಟುಗಲ್ಲುಗಳನ್ನು ಅಡಿಗಡಿಗೆ ಇಡುವುದು, ಮೂಲೆಗಳನ್ನು ಬೆಸೆಯುವುದು, ಪಾಯದ ಮಟ್ಟದಲ್ಲಿಯೂ ಬಾಗಿಲ ತಲೆಯ ಮಟ್ಟದಲ್ಲಿಯೂ ಛಾವಣಿಯ ಕೆಳಗೂ ಕಬ್ಬಿಣದ ಸರಳಿನ ಕಾಂಕ್ರೀಟು ಪಟ್ಟಿಯನ್ನು ಕಟ್ಟಡದ ಸುತ್ತಲೂ ಒಡೆಯದಂತೆ ಒಯ್ಯುವುದು, ಮಾಳಿಗೆಯ ಮಣ್ಣನ್ನು ಇಳಿಸುವುದು. ಪೀಪಾಯಿಗೆ ಸುತ್ತಿದ ಕಬ್ಬಿಣದ ಪಟ್ಟಿಯು ಹಲಗೆಗಳನ್ನು ಬಿಚ್ಚಿಹೋಗಗೊಡದಿರುವಂತೆ ಈ ಪಟ್ಟಿಗಳು ಗೋಡೆಗಳನ್ನು ಕೂಡಿಸಿ ಹಿಡಿಯುತ್ತವೆ. ಇವುಗಳಲ್ಲಿ ಒಂದೇ ಒಂದನ್ನು ಆರಿಸಬೇಕಾದರೆ ಬಾಗಿಲ ತಲೆಯ ಮಟ್ಟದ ಪಟ್ಟಿಯನ್ನೇ ಆರಿಸಬೇಕೆಂಬುದು ಎಂಜಿನಿಯರುಗಳ ಮತ.

ಮನೆಯಲ್ಲಿ ಐದಾರು ಜನ ಮಲಗಿದರೆ ಶಾಲೆಯ ಒಂದು ಕೊಠಡಿಯಲ್ಲಿ ಐವತ್ತು ಮಕ್ಕಳು ಕುಳಿತಿರುತ್ತಾರೆ. ಪ್ರಸಾದ ನಿಲಯದ ಸಭಾಂಗಣದಲ್ಲಿ ರಾತ್ರಿ ಅದಕ್ಕಿಂತ ಹೆಚ್ಚು ಮಂದಿ ಮಲಗಿರುತ್ತಾರೆ. ಕೊಠಡಿ ಕಟ್ಟಿಸುವ ದಾನಿಗಳು ಸಾಮಾನ್ಯವಾಗಿ ಉದ್ದಗಲಗಳನ್ನೂ ಕಿಟಕಿಗಳ ಸಂಖ್ಯೆಯನ್ನೂ ವಿಚಾರಿಸುತ್ತಾರೆ, ಅಮೃತಶಿಲೆಯ ಫಲಕ ಎಲ್ಲಿ ಬರುವುದೆಂದೂ ಕೇಳುತ್ತಾರೆ. ಬಾಗಿಲ ಮೇಲಿನ ಪಟ್ಟಿಯು ನಾಲ್ಕೂ ಗೋಡೆಗಳ ಸುತ್ತ ಅಖಂಡವಾಗಿ ಹೋಗಿದೆಯೇ, ಇಲ್ಲವೇ ಬಾಗಿಲು-ಕಿಟಕಿಗಳ ಮೇಲೆ ಮಾತ್ರ ತುಂಡುತುಂಡಾಗಿ ನಿಂತಿದೆಯೇ ಎಂದು ಕೇಳುವವರು ವಿರಳ. ಸಿಮೆಂಟಿನ ಗಿಲಾವು ಬಿದ್ದ ಮೇಲೆ ಅದು ಯಾರ ಕಣ್ಣಿಗೂ ಕಾಣುವುದಿಲ್ಲವಾದ್ದರಿಂದ, ಕೇಳಬೇಕಾದ ಕಾಲ ಗೋಡೆ ಬಾಗಿಲಿನ ಎತ್ತರಕ್ಕೆ ಬಂದ ದಿನವೇ.